ನಿಮ್ಮ ಫೋನಿನೊಳಗೆ ನಾಲ್ಕು ನೂರು ಜನರಿದ್ದಾರೆ

ಕಾನೂನು ಅರಿವು ಶಿಬಿರವೊಂದರಲ್ಲಿ ಮಾತು ಮುಗಿಸಿ ವೇದಿಕೆಯಿಂದ ಇಳಿದಾಗ, ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಫೋನು ಹಿಡಿದು ನನಗಾಗಿ ಕಾದಿದ್ದಳು. ಮೊಬೈಲ್ ಆ್ಯಪ್ ಒಂದರಿಂದ 5 ಸಾವಿರ ರೂಪಾಯಿ ಸಾಲ ತೆಗೆದಿದ್ದಳಂತೆ. ಒಂದು ಕಂತು ತಪ್ಪಿತ್ತು. ವಸೂಲಿಯವರ ಫೋನು ಮೊದಲು ಬಂದದ್ದು ಅವಳಿಗಲ್ಲ. ಮಗಳ ಶಾಲೆಯ ಟೀಚರಿಗೆ, ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೆ, ಆರು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿಗೆ. ‘ನಾನು ಯಾರ ನಂಬರೂ ಕೊಟ್ಟಿಲ್ಲ ಮೇಡಂ, ಅವರಿಗೆ ಹ್ಯಾಗೆ ಸಿಕ್ತು?’ ಎಂದು ಕೇಳಿದಳು.

ಕೊಟ್ಟಿದ್ದಳು. ಆ್ಯಪ್ ಹಾಕಿಕೊಂಡ ದಿನ ‘ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡುವಿರಾ’ ಎಂದು ಪರದೆ ಕೇಳಿತ್ತು, ಅವಳು ‘ಅಲೋ’ ಒತ್ತಿದ್ದಳು. ಆ ಒಂದು ಒತ್ತಿನಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನರ ಹೆಸರು, ನಂಬರು ಅವಳ ಕೈಬಿಟ್ಟು ಹೋದವು. ಲ್ಯಾಂಡ್‌ಲೈನ್ ಕಾಲದಲ್ಲಿ ಫೋನಿನ ಪಕ್ಕ ದಾರಕ್ಕೆ ಪೆನ್ನು ಕಟ್ಟಿದ ಡೈರಿ ಇರುತ್ತಿತ್ತು. ಸಾಲ ಕೊಡಲು ಬಂದವನು ಆ ಡೈರಿಯನ್ನು ಜೆರಾಕ್ಸ್ ಮಾಡಿಕೊಳ್ಳುತ್ತೇನೆ ಎಂದಿದ್ದರೆ ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ನಂಬರುಗಳ ಪಟ್ಟಿ ನಮ್ಮದು, ಅದರೊಳಗಿನ ನಂಬರುಗಳು ಮಾತ್ರ ಬೇರೆಯವರವು. ಅವರನ್ನು ಕೇಳದೆ ಅವರ ಪರವಾಗಿ ನಾವು ಒಪ್ಪಿಗೆ ಕೊಡುತ್ತಿದ್ದೇವೆ. ಪಟ್ಟಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುವ, ಯಾವ ಕಂಪನಿಯ ಸರ್ವರಿಗೂ ಕಳಿಸದಿರುವ ವಿಚಾರ ಇವತ್ತು ಕಾನೂನಿನ ವಿಚಾರವೂ ಆಗಿರುವುದು ಇದರಿಂದಲೇ.

ಕಾನೂನು ಎಲ್ಲಿಗೆ ಬಂದಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. ಆ ತೀರ್ಪಿನ ದಾರಿಯಲ್ಲಿ ಮುಂದೆ ಬಂದದ್ದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023.

ಈ ಕಾಯ್ದೆಯ 6ನೇ ಸೆಕ್ಷನ್ನು ಪ್ರತಿಯೊಬ್ಬರೂ ಓದಬೇಕಾದದ್ದು. ಒಪ್ಪಿಗೆ ಎಂದರೆ ಒತ್ತಾಯವಿಲ್ಲದ, ಷರತ್ತಿಲ್ಲದ, ತಿಳಿದು ಕೊಟ್ಟ, ಇಂಥದ್ದೇ ಕೆಲಸಕ್ಕೆಂದು ಕೊಟ್ಟ ಒಪ್ಪಿಗೆ. ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಅದು ಅನ್ವಯಿಸುತ್ತದೆ. ಇದನ್ನು ವಿವರಿಸಲು ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ. ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು, ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ. ರೋಗಿ ಎರಡಕ್ಕೂ ಒಪ್ಪುತ್ತಾಳೆ. ವೈದ್ಯರ ಸಲಹೆಗೆ ಕಾಂಟ್ಯಾಕ್ಟ್ ಪಟ್ಟಿ ಬೇಕಿಲ್ಲವಾದ್ದರಿಂದ ಅವಳ ಒಪ್ಪಿಗೆ ಮೊದಲನೆಯದಕ್ಕಷ್ಟೇ ನಿಲ್ಲುತ್ತದೆ ಎನ್ನುತ್ತದೆ ಕಾಯ್ದೆ. ಎಷ್ಟೋ ಉದಾಹರಣೆ ಕೊಡಬಹುದಾಗಿದ್ದ ಜಾಗದಲ್ಲಿ ಸಂಸತ್ತು ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೇ ಆರಿಸಿಕೊಂಡಿದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು, ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಓದಿಕೊಳ್ಳುವ ಅವಕಾಶವಿರಬೇಕು. ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಈ ಹಕ್ಕಿದೆ.

ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಗೆ ಬಂತು. ಒಪ್ಪಿಗೆ, ಅಳಿಸುವಿಕೆಯಂಥ ಮುಖ್ಯ ಹಕ್ಕುಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಂದರೆ 2027ರ ಮೇ ತಿಂಗಳು. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಮನೆಬಳಕೆಗೆ, ಸ್ವಂತಕ್ಕೆ ಇಟ್ಟುಕೊಂಡ ಮಾಹಿತಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅದು ಸರಿಯೇ, ಅತ್ತೆಯ ನಂಬರು ಬರೆದಿಟ್ಟುಕೊಳ್ಳಲು ಅತ್ತೆಯ ಲಿಖಿತ ಒಪ್ಪಿಗೆ ಬೇಕಿಲ್ಲ. ಆದರೆ ನಿಮ್ಮ ಫೋನಿನ ಮೂಲಕ ತನ್ನ ನಂಬರು ಯಾವುದೋ ಕಂಪನಿಗೆ ಹೋಯಿತು ಎಂಬುದು ಆ ಅತ್ತೆಗೆ ತಿಳಿಯುವ ದಾರಿ ಇಲ್ಲ. ಹೋದದ್ದೇ ಗೊತ್ತಿಲ್ಲದವರು ಅಳಿಸಿ ಎಂದು ಯಾರನ್ನು ಕೇಳುತ್ತಾರೆ?

ಸಾಲದ ಆ್ಯಪುಗಳ ವಿಷಯದಲ್ಲಿ 2027ಕ್ಕೆ ಕಾಯಬೇಕಿಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಮಾರ್ಗಸೂಚಿ ತಂದಿತು, 2025ರ ಮೇನಲ್ಲಿ ಅದನ್ನು ನಿರ್ದೇಶನಗಳಾಗಿ ಒಟ್ಟುಗೂಡಿಸಿತು. ಸಾಲದ ಆ್ಯಪು ಫೋನಿನ ಫೈಲು, ಫೋಟೋ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಇವಕ್ಕೆ ಕೈ ಹಾಕುವಂತಿಲ್ಲ. ನೀವು ‘ಅಲೋ’ ಒತ್ತಿದ್ದೀರಿ ಎಂಬ ನೆಪವೂ ಇಲ್ಲಿ ನಡೆಯದು. ಕ್ಯಾಮೆರಾ, ಮೈಕ್, ಲೊಕೇಶನ್ ಮಾತ್ರ ಕೆವೈಸಿಯಂಥ ಕೆಲಸಕ್ಕೆ ಒಂದು ಸಲ, ನಿಮ್ಮ ಒಪ್ಪಿಗೆಯೊಂದಿಗೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಾಲಗಾರರ ಮನೆಯವರು, ಸ್ನೇಹಿತರ ನೆಮ್ಮದಿ ಕೆಡಿಸುವಂತಿಲ್ಲ. ಹಾಗಾಗಿ ಕಾಂಟ್ಯಾಕ್ಟ್ಸ್ ಕೇಳಿದ ಸಾಲದ ಆ್ಯಪು ಕಂಡರೆ ಅಲ್ಲಿಗೇ ನಿಲ್ಲಿಸಿ. ನೋಂದಾಯಿತ ಸಂಸ್ಥೆಗಳ ಆ್ಯಪುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ, ಅದರಲ್ಲಿ ಹೆಸರು ಇದೆಯೇ ನೋಡಿ.

ಪಟ್ಟಿಯನ್ನು ಮನೆಗೆ ತರುವುದು

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಜೀಮೇಲ್ ಖಾತೆ ಸೇರಿಸಿದೊಡನೆ ಕಾಂಟ್ಯಾಕ್ಟ್ಸ್ ಗೂಗಲ್ ಸರ್ವರಿಗೆ ಹೋಗಲು ಶುರುವಾಗುತ್ತವೆ, ಐಫೋನಿನಲ್ಲಿ ಐಕ್ಲೌಡಿಗೆ. ಇದು ಕಾನೂನುಬಾಹಿರವಲ್ಲ, ಫೋನು ಕಳೆದವರಿಗೆ ಉಪಕಾರವೂ ಹೌದು. ಬೇಡವೆನ್ನುವವರು ನಿಲ್ಲಿಸಬಹುದು, ಆದರೆ ಹಂತಗಳು ಹಿಂದುಮುಂದಾದರೆ ಎಲ್ಲ ನಂಬರೂ ಕಳೆದುಹೋದಾವು. ಫೋನು, ಸರ್ವರು ಎರಡರ ಪಟ್ಟಿಯನ್ನೂ ಒಂದೇ ಆಗಿ ಇಡುವ ಈ ಸಿಂಕ್ ಚಾಲೂ ಇರುವಾಗಲೇ ಸರ್ವರಿನಲ್ಲಿ ಅಳಿಸಿದರೆ ಫೋನಿನಲ್ಲೂ ಅಳಿಸಿಹೋಗುತ್ತದೆ.

ಮೊದಲು ಪ್ರತಿ ತೆಗೆಯಿರಿ. ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಆಯ್ಕೆ ಇದೆ. ಒತ್ತಿದರೆ ವಿಸಿಎಫ್ ಎಂಬ ಒಂದೇ ಫೈಲಿನಲ್ಲಿ ಎಲ್ಲ ಹೆಸರೂ ಬಂದು ಕೂರುತ್ತವೆ. ಅದನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಇಳಿಸಿಕೊಳ್ಳಿ. ತಮಗೆ ತಾವೇ ಇ-ಮೇಲ್ ಮಾಡಿಕೊಳ್ಳುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಪಟ್ಟಿ ಮತ್ತೆ ಸರ್ವರಿಗೇ ಹೋದಂತಾಯಿತು. ಆಮೇಲೆ ಸೆಟ್ಟಿಂಗ್ಸಿನಲ್ಲಿ ಗೂಗಲ್ ಖಾತೆಯ ಕಾಂಟ್ಯಾಕ್ಟ್ಸ್ ಸಿಂಕ್ ನಿಲ್ಲಿಸಿ. ಡಿವೈಸಿನಲ್ಲಿರುವ ಕಾಂಟ್ಯಾಕ್ಟುಗಳನ್ನೂ ಸಿಂಕ್ ಮಾಡುವ ಸ್ವಿಚ್ಚು ಬೇರೆಯೇ ಇರುತ್ತದೆ, ಅದನ್ನೂ ಆಫ್ ಮಾಡಿ. ಇದಾದ ಮೇಲೆ ಅದೇ ಫೈಲನ್ನು ‘ಇಂಪೋರ್ಟ್’ ಮಾಡಿ. ಎಲ್ಲಿ ಉಳಿಸಬೇಕು ಎಂದು ಕೇಳಿದಾಗ ಖಾತೆಯನ್ನು ಬಿಟ್ಟು ‘ಡಿವೈಸ್’ ಅಥವಾ ‘ಫೋನ್’ ಆರಿಸಬೇಕು. ಎಣಿಕೆ ಸರಿಯಾಗಿದೆಯೇ, ಕನ್ನಡದಲ್ಲಿ ಬರೆದಿಟ್ಟ ಹೆಸರುಗಳು ಕನ್ನಡವಾಗಿಯೇ ಬಂದಿವೆಯೇ ನೋಡಿಕೊಳ್ಳಿ. ಇಷ್ಟೆಲ್ಲ ಆದ ಮೇಲಷ್ಟೇ ಗೂಗಲ್ ಕಾಂಟ್ಯಾಕ್ಟ್ಸ್ ಪುಟಕ್ಕೆ ಹೋಗಿ ಅಲ್ಲಿರುವುದನ್ನು ಅಳಿಸಬೇಕು. ಸಿಂಕ್ ನಿಲ್ಲಿಸಿದ ಮಾತ್ರಕ್ಕೆ ಹಿಂದೆ ಹೋದದ್ದು ತಾನಾಗಿ ಅಳಿಯುವುದಿಲ್ಲ. ಅಳಿಸಿದ್ದೂ 30 ದಿನ ಅಲ್ಲಿಯ ಕಸದಬುಟ್ಟಿಯಲ್ಲಿ ಇರುತ್ತದೆ, ತಪ್ಪಾಗಿದ್ದರೆ ಮರಳಿ ಪಡೆಯಬಹುದು. ಐಫೋನಿನವರು ಐಕ್ಲೌಡಿನ ಕಾಂಟ್ಯಾಕ್ಟ್ಸ್ ಸ್ವಿಚ್ಚು ಆಫ್ ಮಾಡಿದಾಗ ‘ಐಫೋನಿನಲ್ಲೇ ಉಳಿಸಿ’ ಎಂಬ ಅರ್ಥದ ಆಯ್ಕೆಯನ್ನೇ ಒತ್ತಬೇಕು.

ಸಿಮ್ ಕಾರ್ಡಿನಲ್ಲಿ ಉಳಿಸುವುದು ನನಗೆ ಸರಿಕಾಣದು. ಜಾಗ ಕಡಿಮೆ, ಉದ್ದ ಹೆಸರುಗಳು ತುಂಡಾಗುತ್ತವೆ, ಕನ್ನಡದ ಹೆಸರುಗಳಂತೂ ಇನ್ನೂ ಬೇಗ.

ಫೋನಿನಲ್ಲೇ ಉಳಿಸಿದರೂ ಕೆಲಸ ಅರ್ಧ ಮಾತ್ರ ಮುಗಿದಂತೆ. ಅನುಮತಿ ಪಡೆದ ಆ್ಯಪು ಫೋನಿನಲ್ಲಿರುವ ಪಟ್ಟಿಯನ್ನೂ ಓದಬಲ್ಲದು. ಸೆಟ್ಟಿಂಗ್ಸಿನ ಪ್ರೈವೆಸಿ ವಿಭಾಗದಲ್ಲಿ ಪರ್ಮಿಷನ್ ಮ್ಯಾನೇಜರ್ ತೆರೆದು, ಕಾಂಟ್ಯಾಕ್ಟ್ಸ್ ಒತ್ತಿ, ಯಾವ ಆ್ಯಪುಗಳಿಗೆ ಬಾಗಿಲು ತೆರೆದಿದೆ ಎಂದು ನೋಡಿ. ಟಾರ್ಚಿಗೆ, ಆಟಕ್ಕೆ, ಫೋಟೋ ತಿದ್ದುವ ಆ್ಯಪಿಗೆ ನಿಮ್ಮ ಬಂಧುಬಳಗ ಬೇಕಾಗಿಲ್ಲ. ಐಒಎಸ್ 18ರಿಂದೀಚೆಗೆ ಐಫೋನಿನಲ್ಲಿ ಇಡೀ ಪಟ್ಟಿಯ ಬದಲು ಆಯ್ದ ಕೆಲವರನ್ನಷ್ಟೇ ತೋರಿಸಬಹುದು. ಆಂಡ್ರಾಯ್ಡಿನಲ್ಲಿ ಫಾಸಿಫೈ ಕಾಂಟ್ಯಾಕ್ಟ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಬೇರೆ ಆ್ಯಪುಗಳಿಗೆ ಕಾಣದ ಹಾಗೆ ನಂಬರು ಇಡುವ ಜಾಗ ಅದರಲ್ಲಿದೆ. ಆಪ್ತ ಸಮಾಲೋಚಕರು, ವಕೀಲರು, ವೈದ್ಯರು ತಮ್ಮ ಬಳಿ ಬರುವವರ ನಂಬರನ್ನು ಅಂಥ ಕಡೆ ಇಟ್ಟರೆ ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಬಾಡಿಗೆ ಕಾರಿಗೆ ಬ್ಲೂಟೂತ್ ಜೋಡಿಸಿದಾಗಲೂ ಕಾಂಟ್ಯಾಕ್ಟ್ಸ್ ಕೇಳುತ್ತದೆ, ಅದಕ್ಕೆ ಬೇಡ ಎನ್ನಿ.

ಅಂಗಡಿ ಇಟ್ಟವರಿಗೆ, ಸಂಘ ನಡೆಸುವವರಿಗೆ ಒಂದು ಎಚ್ಚರಿಕೆ. ಬಿಲ್ಲು ಕೊಡುವಾಗ ಪಡೆದ ಗಿರಾಕಿಗಳ ನಂಬರು ಮನೆಬಳಕೆಯ ಮಾಹಿತಿ ಅಲ್ಲ. ಅದಕ್ಕೆ ಆಫರಿನ ಮೆಸೇಜು ಕಳಿಸುವುದು, ಇನ್ನೊಬ್ಬ ವ್ಯಾಪಾರಿಗೆ ಪಟ್ಟಿ ಕೊಡುವುದು ಈ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ಪ್ರಶ್ನೆಗೆ ಬರುತ್ತದೆ. ರಕ್ಷಣೆಯ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿದರೆ ಕಾಯ್ದೆಯ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಅದು ಗರಿಷ್ಠ ಮಿತಿ. ಕಿರಾಣಿ ಅಂಗಡಿಗೆ ಅಷ್ಟು ಬೀಳುತ್ತದೆಂದಲ್ಲ, ಆದರೆ ಹೊಣೆ ಅಂಗಡಿಯವರ ಮೇಲೂ ಇದೆ.

ಈಗಾಗಲೇ ಕಿರುಕುಳ ಶುರುವಾಗಿದ್ದರೆ

ಹೆದರಿ ಆ್ಯಪು ಅಳಿಸಿಹಾಕುವುದು, ಮೆಸೇಜುಗಳನ್ನು ಡಿಲೀಟ್ ಮಾಡುವುದು ಎಲ್ಲರೂ ಮಾಡುವ ಮೊದಲ ಕೆಲಸ. ದಯವಿಟ್ಟು ಅದನ್ನು ಮಾಡಬೇಡಿ. ಕಾಂಟ್ಯಾಕ್ಟ್ಸ್ ಅನುಮತಿ ಕೂಡಲೇ ತೆಗೆದುಹಾಕಿ, ಉಳಿದದ್ದು ಹಾಗೇ ಇರಲಿ. ಕರೆ ಬಂದ ನಂಬರು, ತಾರೀಕು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹಣ ಬಂದ, ಕಟ್ಟಿದ ಯುಪಿಐ ವಿವರ ಬರೆದಿಡಿ. ನ್ಯಾಯಾಲಯಕ್ಕೆ ಡಿಜಿಟಲ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಫೋನು ಹಾಳಾಗದೆ ಇರಬೇಕು.

ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನೂ ನೋಡಿಕೊಳ್ಳುವ ಸಿಇಎನ್ ಠಾಣೆಗಳಿವೆ. ಹತ್ತಿರದ ಠಾಣೆಯವರು ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ಪಡೆಯಬೇಕು. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಹೆದರಿಸಿ ಹಣ ಕೀಳುವುದಕ್ಕೆ 308, ಫೋಟೋ ತಿದ್ದಿ ಅಶ್ಲೀಲವಾಗಿ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಇವೆ. ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರವೂ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಸಾಲ ಕೊಟ್ಟದ್ದು ನೋಂದಾಯಿತ ಬ್ಯಾಂಕೋ ಹಣಕಾಸು ಸಂಸ್ಥೆಯೋ ಆಗಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ವಕೀಲರನ್ನಿಡಲು ಹಣವಿಲ್ಲವೆಂದು ಕುಗ್ಗಬೇಡಿ; ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ.

ಬಹಳ ಜನ ಮರೆಯುವ ವಿಷಯ ಒಂದಿದೆ. ಬೆದರಿಕೆಯ ಕರೆ ಬಂದ ಪ್ರತಿಯೊಬ್ಬರೂ ಸಾಕ್ಷಿಗಳು. ಆದ್ದರಿಂದ ಪಟ್ಟಿಯಲ್ಲಿರುವವರಿಗೆಲ್ಲ ಒಂದು ಮೆಸೇಜು ಕಳಿಸಿ: ನನ್ನ ಫೋನಿನಿಂದ ನಿಮ್ಮ ನಂಬರು ಸೋರಿದೆ, ಯಾರಾದರೂ ಕರೆ ಮಾಡಿದರೆ ಹಣ ಕೊಡಬೇಡಿ, ಬಂದ ಮೆಸೇಜು ಅಳಿಸಬೇಡಿ. ಆ ಹೆಣ್ಣುಮಗಳಿಗೆ ಈ ಮೆಸೇಜು ಕಳಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮರ್ಯಾದೆ ಹೋಗುತ್ತದೆ ಎಂದು ಅತ್ತಳು, ಕೊನೆಗೆ ಶಿಬಿರದ ಜಗುಲಿಯಲ್ಲೇ ಕೂತು ಟೈಪು ಮಾಡಿದಳು. ದೂರು ಕೊಡುವ ದಿನ ಟೀಚರು ತಮ್ಮ ಫೋನು ಹಿಡಿದು ಠಾಣೆಗೆ ಬಂದರು. ನಾದಿನಿಯೂ ಬಂದಿದ್ದಳು.