ಬ್ಲಡ್ ಥಿನ್ನರ್ ಮಾತ್ರೆ ನುಂಗುವವರು ಶೇವಿಂಗ್ ಮಾಡುವಾಗ

ಸ್ಟೆಂಟ್ ಅಥವಾ ವಾಲ್ವ್ ಹಾಕಿಸಿಕೊಂಡ ಅನೇಕರು ಕೇಳುತ್ತಾರೆ: "ಡಾಕ್ಟ್ರೇ, ಶೇವಿಂಗ್‌ನಲ್ಲಿ ಸ್ವಲ್ಪ ಕೊಯ್ದರೂ ರಕ್ತ ಬೇಗ ನಿಲ್ಲಲ್ಲ. ಮಾತ್ರೆ ಬಿಡಲಾ?"

ಬಿಡಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ಗಳ ಕೆಲಸವೇ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಕೆನ್ನೆಯ ಗಾಯ ಕೆಲವು ನಿಮಿಷ ತಡವಾಗಿ ನಿಲ್ಲುತ್ತದೆ, ಅಷ್ಟೇ. ಮಾತ್ರೆ ಬಿಟ್ಟರೆ ಸ್ಟೆಂಟ್‌ನಲ್ಲೋ ವಾಲ್ವ್‌ನಲ್ಲೋ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಬದಲಿಸಬೇಕಾದ್ದು ಶೇವಿಂಗ್ ಮಾಡುವ ರೀತಿಯನ್ನು.

1. ಬ್ಲೇಡ್‌ಗಿಂತ ಟ್ರಿಮ್ಮರ್ ಅಥವಾ ಎಲೆಕ್ಟ್ರಿಕ್ ಶೇವರ್ ಒಳ್ಳೆಯದು.
2. ಬ್ಲೇಡೇ ಬೇಕೆಂದರೆ ಸ್ನಾನವಾದ ಮೇಲೆ, ಗಡ್ಡ ಮೆತ್ತಗಿರುವಾಗ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಬೋರ್‌ವೆಲ್‌ನ ಗಡಸು ನೀರಿಗೆ ನೊರೆ ಸರಿಯಾಗಿ ಬರುವುದಿಲ್ಲ. ಒಂದು ಲೋಟ ಕುಡಿಯುವ ನೀರು ಬಳಸಿ.
3. ಕೊಯ್ದರೆ ಶುಭ್ರ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ.
4. ಸಲೂನ್‌ನಲ್ಲಿ ಹೊಸ ಬ್ಲೇಡನ್ನು ನಿಮ್ಮೆದುರೇ ಹಾಕಿಸಿ. ಎಲ್ಲರ ಮುಖಕ್ಕೂ ಉಜ್ಜುವ ಪಟಿಕ ಬೇಡ.

ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅಥವಾ ಮಲ ಕಪ್ಪಾಗಿ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಾರ್ಫರಿನ್ ನುಂಗುವವರು ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ.

ಊರಲ್ಲಿರುವ ಅಪ್ಪ, ಮಾವನವರಿಗೂ ಫೋನಿನಲ್ಲಿ ಓದಿ ಹೇಳಿ.