ಮೈಲುತುತ್ತದ ವಿಷ: ಎರಡನೇ ದಿನ ಕಾದಿರುತ್ತದೆ

ಬೆಂಗಳೂರಿನ ಟಿ. ದಾಸರಹಳ್ಳಿಯಿಂದ ಪೀಣ್ಯದ ಒಳರಸ್ತೆಗಳಿಗೆ ಹೊಕ್ಕರೆ ಪ್ಲೇಟಿಂಗ್ ಶೆಡ್ಡುಗಳು ಸಿಗುತ್ತವೆ. ತಾಮ್ರದ ಲೇಪಕ್ಕೆ ಅಲ್ಲಿ ಬಳಸುವ ನೀಲಿ ಹರಳೇ ಕಾಪರ್ ಸಲ್ಫೇಟ್, ನಮ್ಮ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಸುಣ್ಣದ ಜೊತೆ ಇರುವುದೂ ಇದೇ.

ತುರ್ತು ವಿಭಾಗಕ್ಕೋ ಕಾರ್ಖಾನೆಯ ಪ್ರಥಮ ಚಿಕಿತ್ಸೆಗೋ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟು: ಮೈಲುತುತ್ತ ನುಂಗಿದವರು ಮೊದಲ ದಿನ ಸುಧಾರಿಸಿದಂತೆ ಕಂಡರೆ ನಂಬಬೇಡಿ.

ನುಂಗಿದ ಸ್ವಲ್ಪ ಹೊತ್ತಿಗೇ ಬಾಯಲ್ಲಿ ಲೋಹದ ರುಚಿ, ಹೊಟ್ಟೆಯಲ್ಲಿ ಉರಿ, ಹಸಿರು-ನೀಲಿ ಬಣ್ಣದ ವಾಂತಿ. ಉಪ್ಪುನೀರು ಕುಡಿಸಿ ಇನ್ನಷ್ಟು ವಾಂತಿ ಮಾಡಿಸಲು ಮನೆಯವರು ಮುಂದಾಗುತ್ತಾರೆ. ಬೇಡವೇ ಬೇಡ. ಇದು ಸುಡುವ ವಿಷ, ಮೇಲೆ ಬರುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೋ ಪೊಟ್ಟಣವನ್ನೋ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800 116 117.

ವಾಂತಿ ನಿಂತ ಮೇಲೆ ರೋಗಿ ಎದ್ದು ಕೂತು ಮಾತಾಡಬಹುದು. ಅಷ್ಟರಲ್ಲಿ ರಕ್ತಕ್ಕೆ ಸೇರಿದ ತಾಮ್ರ ಕೆಂಪು ಕಣಗಳನ್ನು ಒಡೆಯತೊಡಗಿರುತ್ತದೆ. ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ಅದು ಹೊರಗೆ ಕಾಣುತ್ತದೆ: ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಯಕೃತ್ತಿಗೂ ಪೆಟ್ಟು ಬೀಳುತ್ತದೆ.

ಇನ್ನೊಂದು ತೊಡಕು ಮೆಥ್‌ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ ರೂಪ ಬದಲಾಗಿ ಆಮ್ಲಜನಕ ಹೊರುವುದನ್ನೇ ಬಿಟ್ಟಿರುತ್ತದೆ. ತುಟಿ ನೀಲಿಗಟ್ಟುತ್ತದೆ, ಸಿರಿಂಜಿಗೆ ಬಂದ ರಕ್ತ ಚಾಕೊಲೇಟ್ ಬಣ್ಣದ್ದು, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 85ರ ಆಸುಪಾಸಿನಲ್ಲೇ ನಿಂತಿರುತ್ತದೆ. ಆಮ್ಲಜನಕ ಎಷ್ಟು ಕೊಟ್ಟರೂ ಅಂಕಿ ಏರದು. ಯಂತ್ರ ಕೆಟ್ಟಿದೆ ಎಂದು ಹೊಸಬರು ಬೆರಳು ಬದಲಿಸುತ್ತಾ ಕೂರುವುದು ಇಲ್ಲೇ. ನಿಜವಾದ ಪ್ರಮಾಣ ತಿಳಿಯಲು ಕೋ-ಆಕ್ಸಿಮೀಟರ್ ಬೇಕು.

ಇದಕ್ಕೆ ಮದ್ದು ಮೆಥಿಲೀನ್ ಬ್ಲೂ, ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಮಾತ್ರ ಈ ಮದ್ದೇ ರಕ್ತಕಣ ಒಡೆಯುತ್ತದೆ. ಕೊಡುವ ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು.

ತಾಮ್ರವನ್ನು ಕಟ್ಟಿ ಹೊರಹಾಕಲು ಡಿ-ಪೆನಿಸಿಲಮೀನ್ ಮಾತ್ರೆ ಇದೆ, ಬಿಎಎಲ್ ಎಂಬ ಚುಚ್ಚುಮದ್ದಿದೆ. ಇವುಗಳ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲ. ಪೆನಿಸಿಲಮೀನ್ ಅನುಭವ ಹೆಚ್ಚಾಗಿ ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆಯಿಂದ ಬಂದದ್ದು; ವಾಂತಿ ಮಾಡುವವನ ಹೊಟ್ಟೆಯಲ್ಲಿ ಮಾತ್ರೆ ನಿಲ್ಲಬೇಕಲ್ಲ! ಜೀವ ಉಳಿಸುವುದು ಬಹುಮಟ್ಟಿಗೆ ಸಾಧಾರಣ ಆರೈಕೆಯೇ: ಸಾಕಷ್ಟು ದ್ರವ, ಬೇಕಾದಾಗ ರಕ್ತ, ಗಂಟೆಗಂಟೆಗೂ ಮೂತ್ರದ ಲೆಕ್ಕ. ಮೂತ್ರ ಇಳಿದುಹೋದರೆ ಡಯಾಲಿಸಿಸ್. ಅದು ತಾಮ್ರವನ್ನು ಹೆಚ್ಚೇನೂ ತೆಗೆಯದು, ಮೂತ್ರಪಿಂಡ ಚೇತರಿಸುವವರೆಗೆ ಅದರ ಕೆಲಸ ನಡೆಸಿಕೊಡುತ್ತದೆ.

ಬೇಕೆಂದೇ ನುಂಗಿದವರಾಗಿದ್ದರೆ ಮನೆಗೆ ಕಳಿಸುವ ಮುಂಚೆ ಮನೋವೈದ್ಯರು ನೋಡಲೇಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಮನೆಯವರ ಕೈಗೂ ಬರೆದುಕೊಡಿ. ವಾರಗಳ ಮೇಲೆ ಅನ್ನ ನುಂಗಲು ಕಷ್ಟ ಎಂದು ಯಾರಾದರೂ ಮರಳಿ ಬಂದರೆ, ಸುಟ್ಟ ಅನ್ನನಾಳ ಕಿರಿದಾಗಿದೆಯೇ ಎಂದು ಎಂಡೋಸ್ಕೋಪಿ ಮಾಡಿಸಬೇಕು.