ಕೋಟೆ ಸುತ್ತ ನಮ್ಮ ದಾರಿ



ಮಧುಗಿರಿ ಬೆಟ್ಟವನ್ನು ನಾವೆಲ್ಲ ನೋಡಿದ್ದೇವೆ. ಒಂದೇ ಬಂಡೆಯ ದೊಡ್ಡ ಬೆಟ್ಟ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 3,900 ಅಡಿ. ಬೆಟ್ಟದ ಮೇಲೆ ಕೋಟೆ ಇದೆ. ಕೋಟೆಗೆ ಬಾಗಿಲುಗಳಿವೆ. ಮೇಲೆ ಕಣಜಗಳಿವೆ. ನೀರಿನ ದೊಣೆಗಳಿವೆ. ಮೊದಲು ಪಾಳೇಗಾರರು ಈ ಕೋಟೆ ಕಟ್ಟಿದರು. ಆಮೇಲೆ ಮೈಸೂರು ಅರಸರು ಗೆದ್ದರು. ಹೈದರಾಲಿ ಇದನ್ನು ಇನ್ನೂ ಗಟ್ಟಿ ಮಾಡಿದ.

ಈ ಕೋಟೆಯಲ್ಲಿ ಒಬ್ಬ ರಾಣಿ ಸೆರೆಯಲ್ಲಿದ್ದಳು. ಆಕೆ ಕೆಳದಿಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಆಕೆಯ ಬಿದನೂರನ್ನು ಗೆದ್ದ. ರಾಣಿಯನ್ನೂ ಆಕೆಯ ಸಾಕುಮಗನನ್ನೂ ತಂದು ಮಧುಗಿರಿಯಲ್ಲಿ ಇಟ್ಟ. 1767ರಲ್ಲಿ ಮರಾಠರ ಪೇಶ್ವೆ ಮಾಧವರಾವ್ ಈ ಕೋಟೆ ಗೆದ್ದ. ಆಗ ಅವರಿಗೆ ಬಿಡುಗಡೆ ಆಯಿತು. ಅಲ್ಲಿಯವರೆಗೆ ರಾಣಿಯಾದರೂ ಆಕೆ ತನಗೆ ಬೇಕಾದ ಕಡೆ ನಡೆಯುವಂತೆ ಇರಲಿಲ್ಲ.

ಇವತ್ತು ನಮ್ಮನ್ನು ಯಾರೂ ಸೆರೆ ಇಟ್ಟಿಲ್ಲ. ಆದರೂ ಮಗಳು "ಅವ್ವಾ, ಬೆಳಗ್ಗೆ ಎದ್ದು ಓಡ್ತೀನಿ" ಅಂದರೆ ನಾವು ಏನಂತೀವಿ? "ಬ್ಯಾಡ ಕಣೆ, ಜನ ಏನಂದಾರು?" ಅಂತೀವಿ. ಹೀಗೆ ಹೇಳುವ ಮೊದಲು ಈ ಪಾಠ ಓದೋಣ.

ಓಟ ಯಾಕೆ ಬೇಕು?

ಓಟದಿಂದ ಕೆಲಸ ಸಿಗುತ್ತದೆ. ಪೊಲೀಸ್ ಕೆಲಸಕ್ಕೆ ಓದು ಮಾತ್ರ ಸಾಲದು. ಮೈ ಕಸುವಿನ ಪರೀಕ್ಷೆಯೂ ಇರುತ್ತದೆ. ನಮ್ಮ ರಾಜ್ಯದ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ ಹೆಣ್ಣುಮಕ್ಕಳಿಗೆ 400 ಮೀಟರ್ ಓಟ ಇಟ್ಟಿದ್ದಾರೆ. ಅದನ್ನು 2 ನಿಮಿಷದ ಒಳಗೆ ಮುಗಿಸಬೇಕು. ಜಿಗಿತ ಮತ್ತು ಗುಂಡು ಎಸೆತವೂ ಇರುತ್ತವೆ. ಬರೆಯುವ ಪರೀಕ್ಷೆ ಪಾಸಾಗಿ ಓಟದಲ್ಲಿ ಸೋತರೆ ಕೆಲಸ ಕೈ ತಪ್ಪುತ್ತದೆ. ಪರೀಕ್ಷೆಗೆ ಎಂಟು ದಿನ ಇರುವಾಗ ಓಡಲು ಶುರು ಮಾಡಿದರೆ ಆಗುವುದಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಓಟದಲ್ಲಿ ಒಂದು ಕ್ಷಣಕ್ಕೂ ಬೆಲೆ ಇದೆ. ಕೇರಳದ ಪಯ್ಯೋಳಿಯ ಪಿ.ಟಿ. ಉಷಾ 1984ರ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದರು. ಒಂದು ಸೆಕೆಂಡನ್ನು ನೂರು ಭಾಗ ಮಾಡಿ. ಅದರಲ್ಲಿ ಒಂದೇ ಭಾಗದಿಂದ ಅವರಿಗೆ ಕಂಚಿನ ಪದಕ ತಪ್ಪಿತು. ಆದರೂ ಅವರನ್ನು ನೋಡಿ ಊರೂರಲ್ಲಿ ಹೆಣ್ಣುಮಕ್ಕಳು ಓಡಲು ಕಲಿತರು.

ನಮಗೆ ನಡಿಗೆ ಯಾಕೆ?

"ಹೊಲದಾಗೆ ದುಡಿಯೋದು ಸಾಲದಾ? ಇನ್ನು ನಡಿಗೆ ಬೇರೆ ಯಾಕವ್ವಾ?" ಎಂದು ಕೆಲವರು ಕೇಳುತ್ತಾರೆ. ಮಾತು ಸರಿಯೇ. ಕಳೆ ಕೀಳುವುದು, ನೀರು ಹೊರುವುದು ಎಲ್ಲವೂ ಮೈಗೆ ಕೆಲಸವೇ. ಆದರೆ ದಿನವಿಡೀ ಕೂತು ಹುಣಸೆಹಣ್ಣು ಬಿಡಿಸುವವರಿದ್ದಾರೆ. ಹೊಲಿಗೆ ಹಾಕುವವರಿದ್ದಾರೆ. ಅವರಿಗೆ ಕೈ ನೋಯುತ್ತದೆ, ಕಾಲಿಗೆ ಕೆಲಸ ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಈಗ ಹಳ್ಳಿಗೂ ಬಂದಿವೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಲೆಕ್ಕ ಹಾಕಿ ನೋಡಿ.

ಮಗಳು ಓಡಲಿ. ಅದೇ ದಾರಿಯಲ್ಲಿ ನಾವು ನಡೆಯೋಣ. ಅವಳಿಗೆ ಜೊತೆಯೂ ಆಯಿತು, ನಮಗೆ ಆರೋಗ್ಯವೂ ಆಯಿತು.

ಕಲ್ಲು ಓದೋಣ, ದಾರಿ ಅಳೆಯೋಣ

ಅಕ್ಷರ ಕಲಿತ ಮೇಲೆ ರಸ್ತೆ ಬದಿಯ ಕಲ್ಲೂ ನಮ್ಮ ಜೊತೆ ಮಾತಾಡುತ್ತದೆ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ.

ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ.
ಹಸಿರು ಇದ್ದರೆ ರಾಜ್ಯ ಹೆದ್ದಾರಿ.
ಕಿತ್ತಳೆ ಇದ್ದರೆ ಹಳ್ಳಿಯ ರಸ್ತೆ.

ಹಳದಿ ಮತ್ತು ಹಸಿರು ಕಲ್ಲಿನ ರಸ್ತೆಯಲ್ಲಿ ಲಾರಿ, ಬಸ್ಸು ಜಾಸ್ತಿ. ಅಲ್ಲಿ ಓಡುವುದು ಬೇಡ. ಕಿತ್ತಳೆ ಕಲ್ಲಿನ ಹಳ್ಳಿ ರಸ್ತೆ, ಕೆರೆ ಏರಿ, ಶಾಲೆಯ ಬಯಲು ಓಟಕ್ಕೆ ಒಳ್ಳೆಯವು.

1 ಕಿಲೋಮೀಟರ್ ಎಂದರೆ 1,000 ಮೀಟರ್. ಕೆಲವು ರಸ್ತೆಗಳಲ್ಲಿ ಎರಡು ದೊಡ್ಡ ಕಲ್ಲುಗಳ ನಡುವೆ ಸಣ್ಣ ಕಲ್ಲುಗಳಿರುತ್ತವೆ. ಅವುಗಳ ಮೇಲೆ 2, 4, 6, 8 ಎಂದು ಬರೆದಿರುತ್ತಾರೆ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 200 ಮೀಟರ್. ದೊಡ್ಡ ಕಲ್ಲಿನಿಂದ 4 ಎಂಬ ಕಲ್ಲಿಗೆ 400 ಮೀಟರ್. ಅಂದರೆ ಪೊಲೀಸ್ ಪರೀಕ್ಷೆಯ ಓಟದಷ್ಟೇ ದೂರ!

ಸಣ್ಣ ಕಲ್ಲು ಇಲ್ಲದ ಕಡೆ ಏನು ಮಾಡುವುದು? 20 ಮೀಟರ್ ಉದ್ದದ ಹಗ್ಗ ಅಳೆದುಕೊಳ್ಳಿ. ಕೆರೆ ಏರಿ ಮೇಲೆ 20 ಸಲ ಹಾಸಿ ಅಳೆಯಿರಿ. 400 ಮೀಟರ್ ಆಯಿತು. ಎರಡು ತುದಿಗೂ ಸುಣ್ಣದ ಗುರುತು ಹಾಕಿ. ನೀವು ಗಡಿಯಾರ ಹಿಡಿದು ನಿಲ್ಲಿ. ಮಗಳು ಓಡಲಿ. ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಪುಸ್ತಕದಲ್ಲಿ ಬರೆಯಿರಿ. ಬರೆಯುವ ಕೆಲಸ ಅವ್ವನದು.

ಮೊದಲ ವಾರದಲ್ಲೇ ಜೋರಾಗಿ ಓಡಬಾರದು. 5 ನಿಮಿಷ ನಡೆದು 1 ನಿಮಿಷ ಓಡಬೇಕು. ದಿನ ಕಳೆದಂತೆ ಓಟ ಹೆಚ್ಚಿಸಬೇಕು. ಬಸುರಿಯರು, ಎದೆ ನೋವು ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ದಾರಿ

ಮಧುಗಿರಿ: ಬೆಟ್ಟದ ಬುಡದ ಊರು ದಾರಿ ನಡಿಗೆಗೆ ಚೆನ್ನ. ಬೆಟ್ಟ ಹತ್ತುವುದು ಬೇರೆ ಮಾತು. ಬಂಡೆ ಕಡಿದು. ಮಳೆಯಲ್ಲಿ ಕಾಲು ಜಾರುತ್ತದೆ. ಒಬ್ಬರೇ ಹತ್ತಬಾರದು. ಹೆಜ್ಜೇನು ಕಂಡರೆ ಹೊಗೆ ಹಾಕಬಾರದು, ಕಲ್ಲು ಎಸೆಯಬಾರದು. ಇದೇ ತಾಲ್ಲೂಕಿನ ಮೈದನಹಳ್ಳಿಯ ಹತ್ತಿರ ಕೃಷ್ಣಮೃಗಗಳ ಹುಲ್ಲುಗಾವಲಿದೆ. ಸುಮಾರು 798 ಎಕರೆ. 2007ರಲ್ಲಿ ಸರ್ಕಾರ ಅದನ್ನು ಜಯಮಂಗಲಿ ಸಂರಕ್ಷಿತ ಪ್ರದೇಶ ಎಂದು ಸಾರಿತು. ನಮ್ಮ ಸೀಮೆಯ ನಿಜವಾದ ಓಟಗಾರರು ಆ ಮೃಗಗಳೇ! ಅವುಗಳನ್ನು ಅಟ್ಟಬಾರದು.

ಕೊರಟಗೆರೆ: ಜಯಮಂಗಲಿ, ಸುವರ್ಣಮುಖಿ ಹೊಳೆಗಳ ನಾಡು. ಚನ್ನರಾಯನದುರ್ಗದ ಕೋಟೆ, ಸಿದ್ಧರಬೆಟ್ಟ ಇಲ್ಲಿವೆ. ಬೆಟ್ಟದ ಪೊದೆಗಳಲ್ಲಿ ಕರಡಿ, ಚಿರತೆ ಇರುತ್ತವೆ. ಪೂರ್ತಿ ಬೆಳಕು ಹರಿದ ಮೇಲೆ, ಊರ ಕಡೆಯ ದಾರಿಯಲ್ಲಿ ಹೋಗಬೇಕು.

ಶಿರಾ: 1687ರಲ್ಲಿ ಮೊಘಲರು ಶಿರಾವನ್ನು ಗೆದ್ದು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡರು. ಹಳೆಯ ಕೋಟೆ, ಕಂದಕ, ಜುಮ್ಮಾ ಮಸೀದಿ ಈಗಲೂ ಇವೆ. ನೆಲ ಹೆಚ್ಚಾಗಿ ಸಮ. ಹೊಸದಾಗಿ ಓಡುವವರಿಗೆ ಸುಲಭ. ಆದರೆ ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದಲ್ಲೇ ಇದೆ. ಅದರ ಹತ್ತಿರ ಓಟ ಬೇಡ.

ಪಾವಗಡ: ಇಲ್ಲಿಯೂ ಬೆಟ್ಟದ ಮೇಲೆ ಕೋಟೆ ಇದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಆ ಬಿಸಿಲಿನಿಂದಲೇ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಕರೆಂಟು ತಯಾರಾಗುತ್ತಿದೆ. ಬಿಸಿಲೇರುವ ಮೊದಲೇ ಓಟ ಮುಗಿಸಬೇಕು. ಇಲ್ಲಿ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಘಟಕದ ನೀರನ್ನು ಬಾಟಲಿಯಲ್ಲಿ ಒಯ್ಯಿರಿ.

ಎಚ್ಚರ ಇರಲಿ

ಒಬ್ಬೊಬ್ಬರೇ ಹೋಗಬೇಡಿ. ಮೂರು ನಾಲ್ಕು ಜನ ಸೇರಿ. ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ.

ರಸ್ತೆಯ ಬಲಗಡೆ ನಡೆಯಿರಿ. ಆಗ ಎದುರಿಗೆ ಬರುವ ವಾಹನ ಕಾಣುತ್ತದೆ. ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ.

ನಾಯಿ ಅಟ್ಟಿದರೆ ಓಡಬೇಡಿ, ನಿಲ್ಲಿ. ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಯಾರಾದರೂ ಹಿಂದೆ ಬಿದ್ದರೆ, ಕೆಟ್ಟ ಮಾತಾಡಿದರೆ ಸುಮ್ಮನಿರಬೇಡಿ. 112ಕ್ಕೆ ಫೋನ್ ಮಾಡಿ. "ಇನ್ಮೇಲೆ ಓಡಬೇಡ" ಎಂದು ಮಗಳನ್ನು ಮನೆಯಲ್ಲಿ ಕೂರಿಸಬೇಡಿ. ತಪ್ಪು ಅವಳದಲ್ಲ.

ದಾರಿಯಲ್ಲಿ ದೀಪ ಇಲ್ಲವೇ? ಮುಳ್ಳು ಬೆಳೆದಿದೆಯೇ? ಗ್ರಾಮ ಪಂಚಾಯ್ತಿಗೆ ಅರ್ಜಿ ಬರೆಯಿರಿ. ಎಲ್ಲರೂ ಸಹಿ ಹಾಕಿ. ಈಗ ನಾವು ಹೆಬ್ಬೆಟ್ಟು ಒತ್ತುವವರಲ್ಲ.

ಹೇಳಿ, ಬರೆಯಿರಿ

1. ವೀರಮ್ಮಾಜಿ ಯಾರು? ಆಕೆ ಮಧುಗಿರಿಗೆ ಹೇಗೆ ಬಂದಳು?
2. ಕಿತ್ತಳೆ ಬಣ್ಣದ ಕಲ್ಲು ಯಾವ ರಸ್ತೆಯಲ್ಲಿ ಇರುತ್ತದೆ?
3. 20 ಮೀಟರ್ ಹಗ್ಗವನ್ನು 10 ಸಲ ಹಾಸಿದರೆ ಎಷ್ಟು ಮೀಟರ್?
4. ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳು ಓಡಲು ಯಾವ ದಾರಿ ಒಳ್ಳೆಯದು? ಯಾಕೆ?
5. ಆ ದಾರಿಗೆ ದೀಪ ಹಾಕಿಸಿ ಎಂದು ಪಂಚಾಯ್ತಿಗೆ ನಾಲ್ಕು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.